ಯಾವ ಆಯ್ತು?

ಸುಮತಿ ಮೇಡಂ ಹೋಗಿಬಿಟ್ಟರು ಎಂದು ಅವರ ತಮ್ಮನ ಹೆಂಡತಿ ಲಲಿತಕ್ಕ ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಂದ ಹೊರಟದ್ದು "ಆಯ್ತು" ಎಂಬ ಒಂದೇ ಮಾತು. ಫೋನ್ ಇಟ್ಟ ಮೇಲೆ ಆ ಮಾತು ನನಗೇ ಕೇಳಿಸಿತು. ಮೇಡಂ ಇದ್ದಿದ್ದರೆ ಅದನ್ನು ಹಾಗೇ ಬಿಡುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ತಲೆಯನ್ನು ತುಸು ಓರೆ ಮಾಡಿ, "ಯಾವ ಆಯ್ತು ಅದು? ಕೇಳಿಸ್ತು ಅನ್ನೋ ಆಯ್ತೋ, ಮುಗೀತು ಅನ್ನೋ ಆಯ್ತೋ?" ಎಂದು ಕೇಳುತ್ತಿದ್ದರು.

ಈ ಪ್ರಶ್ನೆಯಿಂದ ಯಾರಿಗೂ ವಿನಾಯಿತಿ ಇರಲಿಲ್ಲ. ಮಾಜಾಳಿಯ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಪತಿ ಎಂಬ ಅಟೆಂಡರ್ ಇದ್ದ. "ಗಣಪತಿ, ಹಿಂದಿನ ಲ್ಯಾಬಿನ ಬಾಗಿಲು ತೆಗಿ" ಎಂದರೆ ಅವನು "ಆಯ್ತು ಮೇಡಂ" ಎನ್ನುವನು. "ಯಾವ ಆಯ್ತು?" ಎಂದು ಇವರು ಕೇಳುವ ಮೊದಲೇ, "ಇದು ಹೋಗ್ತೆ ಅನ್ನೋದು ಮೇಡಂ. ಎರಡನೇ ಆಯ್ತು ಬಾಗಿಲು ತೆಗೆದ ಮೇಲೆ ತಂದು ಕೊಡ್ತೆ" ಎನ್ನುವನು. ಸ್ವಲ್ಪ ಹೊತ್ತಿಗೆ ವರಾಂಡದ ಆ ತುದಿಯಿಂದ, "ಮೇಡಂ, ಎರಡನೇದು ಬಂತು, ತಗೊಳ್ಳಿ" ಎಂದು ಕೂಗುವನು. ಹುಡುಗರು ನಗುತ್ತಿದ್ದರು. ಮೇಡಂ ನಗುತ್ತಿರಲಿಲ್ಲ. "ನೀವು ನಗ್ತ್ರಿ. ಈ ಕಾಲೇಜಲ್ಲಿ ಕರ್ನಲ್ ಬರೆಯೂಕೆ ಯೋಗ್ಯ ಇದ್ದವ ಗಣಪತಿ ಒಬ್ನೇ" ಎನ್ನುತ್ತಿದ್ದರು.

ಅವರು ಕಲಿಸುತ್ತಿದ್ದದ್ದು ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರಿನ ಎಲ್ಲ ಕೆಲಸಗಳ ಅಡಿಯಲ್ಲಿ ಕೂತು, ಯಾರಿಗೆ ಯಾವಾಗ ಏನು ಸಿಗಬೇಕೆಂದು ನಿರ್ಧರಿಸುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಡಿಸ್ಕಿಗೆ ಏನನ್ನಾದರೂ ಬರೆಯಬೇಕಾದರೆ, ಡಿಸ್ಕಿನಿಂದ ಏನನ್ನಾದರೂ ಓದಬೇಕಾದರೆ, ಅದರ ಮೂಲಕವೇ ಹೋಗಬೇಕು. "ಕರ್ನಲ್ ಡಿಸ್ಕಿಗೆ ಒಂದು ಕೆಲಸ ಹೇಳ್ತದೆ. ಡಿಸ್ಕ್ ಆಯ್ತು ಅಂತದೆ. ಅದು ಒಪ್ಪಿಕೊಂಡ ಆಯ್ತು. ಆಮೇಲೆ ಕೆಲಸ ಮುಗಿಸಿ ಇನ್ನೊಂದು ಸಲ ಆಯ್ತು ಅಂತದೆ. ನಮ್ಮ ಭಾಷೆಲಿ ಎರಡಕ್ಕೂ ಒಂದೇ ಮಾತು. ಅದಕ್ಕೇ ನಮ್ಮ ಮಂದಿ ಮೊದಲನೇ ಆಯ್ತು ಕೇಳಿಕೊಂಡು ಮನೆಗೆ ಹೋಗಿಬಿಡ್ತಾರೆ." ಇದು ಪ್ರತಿವರ್ಷ ಹೊಸ ತರಗತಿಗೆ ಅವರು ಹೇಳುವ ಮೊದಲ ಮಾತಾಗಿತ್ತಂತೆ.

ಕುಳ್ಳಗಿನ ಹೆಂಗಸು. ಹತ್ತಿ ಸೀರೆ, ಸೆರಗಿಗೆ ಒಂದು ಪಿನ್ನು, ಸಿಕ್ಕ ದಿನ ಜಡೆಯಲ್ಲಿ ಒಂದು ತುಂಡು ಅಬ್ಬಲಿಗೆ. ಮದುವೆಯಾಗಿರಲಿಲ್ಲ. ದನಿ ಮಾತ್ರ ಆ ದೇಹದ್ದಲ್ಲ, ಗಾಳಿಗೆ ಎದುರಾಗಿ ಕೂಗಿ ಬೆಳೆದದ್ದು. ಅಂಕೋಲಾ ಕಡೆಯ ಹಾರವಾಡದ ಮೀನುಗಾರರ ಮನೆಯವರು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, ಒಣಮೀನಿನ ಚಟ್ನಿ ಇದ್ದರೆ, ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಗಾಳಿ ಆಚೆ ಹೋಗ್ತದೆ, ನೀವು ಊಟ ಮಾಡಿ" ಎನ್ನುತ್ತಿದ್ದರು. ಅವರು ಯಾರಲ್ಲೂ ಯಾವುದಕ್ಕೂ ಕ್ಷಮೆ ಕೇಳಿದ್ದನ್ನು ನಾನು ನೋಡಿಲ್ಲ. ಆ ಕುರ್ಚಿ ಎಳೆಯುವುದೇ ಅವರ ಸೌಜನ್ಯ.

ನನ್ನ ಮನೆ ಅಂಕೋಲಾ ಪೇಟೆಯಲ್ಲಿ. ಹಾಗಾಗಿ ಸಂಜೆ ಕಾರವಾರ ಬಸ್‌ಸ್ಟ್ಯಾಂಡಿನಿಂದ ನಮ್ಮಿಬ್ಬರದೂ ಒಂದೇ ಬಸ್ಸು. ನಾನು ಮಾತು ಕಡಿಮೆ. ಕರೆದರೆ ಹೋಗುವವಳು, ಕೇಳಿದರೆ ಹೇಳುವವಳು. ಮೇಡಂ ತದ್ವಿರುದ್ಧ. ಬಸ್ಸು ಬರುವ ತನಕ ವಿಚಾರಣೆ ಕಿಟಕಿಗೆ ನಾಲ್ಕಾರು ಸಲ ಹೋಗಿ "ಬಂತಾ?" ಎಂದು ಕೇಳಿ ಬರುವರು. ಕಿಟಕಿಯವನು ಒಮ್ಮೆ, "ಮೇಡಂ, ಬಂದ್ರೆ ಮೈಕಲ್ಲಿ ಹೇಳ್ತೆವೆ" ಎಂದ. "ನಿಮ್ಮ ಮೈಕು ಹಾಳಾದ್ರೆ?" ಎಂದರು ಇವರು. ನಾನು ಬೇರೆ ಕಡೆ ನೋಡುತ್ತ ನಿಂತಿದ್ದೆ. ಬಸ್ಸಿನಲ್ಲಿ ಅವರು ಯಾವಾಗಲೂ ಸಮುದ್ರದ ಕಡೆಯ ಸೀಟೇ ಹಿಡಿಯುತ್ತಿದ್ದರು. ಅದು ಸಿಗದಿದ್ದರೆ ಮುಂದಿನ ಬಸ್ಸಿಗೆ ಬರುತ್ತೇನೆ ಎಂದು ಇಳಿದುಬಿಡುತ್ತಿದ್ದರು. ಅರ್ಗಾದಲ್ಲಿ ನೌಕಾನೆಲೆಯ ಗೋಡೆ ಶುರುವಾಗಿ ಸಮುದ್ರ ಮರೆಯಾದಾಗ ಕಣ್ಣು ಮುಚ್ಚಿಕೊಳ್ಳುವರು, ಗೋಡೆ ದಾಟಿದ ಮೇಲೆ ತೆರೆಯುವರು. ನಿದ್ದೆ ಎಂದುಕೊಂಡಿದ್ದೆ. ನಿದ್ದೆಯಲ್ಲ, ಅಷ್ಟು ದೂರ ನೋಡುವುದಕ್ಕೇನೂ ಇಲ್ಲ, ಅಷ್ಟೇ.

ಡಿಸ್ಕಿನ ಪೋಲಿಂಗ್ ಎಂಬ ಪಾಠ ಮಾಡಿದ ದಿನ ನಮ್ಮ ತರಗತಿಯ ಹುಡುಗನೊಬ್ಬ, "ಪೋಲಿಂಗ್ ಅಂದ್ರೆ ವೋಟು ಹಾಕೂದಾ ಮೇಡಂ?" ಎಂದ.

"ಅಲ್ಲಿ ಐದು ವರ್ಷಕ್ಕೊಂದು ಸಲ ಕೇಳ್ತಾರೆ. ಇಲ್ಲಿ ಬಿಡದೇ ಕೇಳ್ತಾರೆ. ಕೂತ್ಕೋ."

ಆಮೇಲೆ ಬೋರ್ಡಿಗೆ ಬೆನ್ನು ಹಾಕಿ ನಿಂತು ಹೇಳಿದರು. "ನಮ್ಮಪ್ಪ ದೋಣಿ ತಗೊಂಡು ಹೋಗ್ತಿದ್ದ. ಆಯಿ ಮನೇಲಿರ್ತಿದ್ಲು. ಅಕ್ಕಿ ಕೇರೂದು, ಬಲೆ ಹೊಲಿಯೂದು, ಒಂದು ನಿದ್ದೆ ತೆಗೆಯೂದು. ದೋಣಿ ದಂಡೆಗೆ ಬಂದ್ರೆ ಯಾರಾದ್ರೂ ಕೂಗ್ತಿದ್ರು. ಆಗ ಬುಟ್ಟಿ ತಗೊಂಡು ಓಡ್ತಿದ್ಲು. ಅದು ಇಂಟರಪ್ಟ್. ಕೆಲಸ ಮುಗಿದದ್ದೇ ಡಿಸ್ಕ್ ಕರೀತದೆ, ಅಲ್ಲೀವರೆಗೆ ಕರ್ನಲ್ ಬೇರೆ ಕೆಲಸ ನೋಡ್ತದೆ. ನಾನು ಹಾಂಗಲ್ಲ. ದಂಡೆ ಮೇಲೇ ನಿಂತು, ಬಂತಾ, ಬಂತಾ ಅಂತ ನೋಡ್ತಾ ಇರ್ತಿದ್ದೆ. ಅದು ಪೋಲಿಂಗ್. ದೋಣಿ ಬಂದದ್ದು ಎಲ್ಲರಿಗಿಂತ ಮೊದಲು ನಂಗೆ ಗೊತ್ತಾಗ್ತಿತ್ತು. ಆದ್ರೆ ಶಾಲೆ ಪಾಠ ಆಗ್ತಿರ್ಲಿಲ್ಲ. ಕೇಳ್ತಾ ನಿಂತವರಿಗೆ ಬೇರೆ ಕೆಲಸ ಆಗೂದಿಲ್ಲ."

"ಹಂಗಾರೆ ಯಾರದ್ದು ಸರಿ ಮೇಡಂ? ನಿಮ್ಮದೋ, ಆಯಿದೋ?"

"ದೋಣಿ ಎಷ್ಟು ಬೇಗ ಬತ್ತದೆ ಅನ್ನೂದರ ಮೇಲೆ" ಎಂದರು. ಹಳೆಯ ಡಿಸ್ಕುಗಳು ನಿಧಾನ. ಅವು ತಿರುಗಿ, ಹುಡುಕಿ, ಉತ್ತರ ಕೊಡುವಷ್ಟರಲ್ಲಿ ಕರ್ನಲ್ ಮಲಗಿ ಏಳಬಹುದಿತ್ತು. ಈಗಿನವು ಮಲಗಲು ಚಾಪೆ ಬಿಡಿಸುವಷ್ಟರಲ್ಲಿ ಕೆಲಸ ಮುಗಿಸಿರುತ್ತವೆ. ಅಂಥವುಗಳಿಗೆ ಮಲಗಿ ಎದ್ದು ಮಾಡುವುದೇ ನಷ್ಟ, ನಿಂತು ಕೇಳುವುದೇ ಲಾಭ. "ಬೇಗ ಬರೂದನ್ನು ನಿಂತು ಕಾಯಿರಿ. ತಡ ಆಗೂದನ್ನು ಮಲಗಿ ಕಾಯಿರಿ. ಯಾವುದು ಎಂಥದ್ದು ಅಂತ ಮೊದಲೇ ಗೊತ್ತಿರ್ಬೇಕು." ಇದನ್ನು ಅವರು ಹೇಳಿದಾಗ ಅವರ ತಮ್ಮ ಉಮೇಶ ಇನ್ನೂ ಇದ್ದ. ಬೈತಖೋಲದಿಂದ ಹೊರಡುವ ಟ್ರಾಲರ್ ಬೋಟಿನಲ್ಲಿ ಕೆಲಸ ಮಾಡುತ್ತಿದ್ದ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಇದೇ ವಿಷಯ. ವಿದ್ಯಾರ್ಥಿಗಳ ಕಲಿಕೆಗೆಂದೇ ಮೇಡಂ ಕಟ್ಟಿದ್ದ ಒಂದು ಪುಟ್ಟ ಕರ್ನಲ್ ಇತ್ತು. ಅದರಲ್ಲಿ ಡಿಸ್ಕ್ ಕರೆಯುವ ಪದ್ಧತಿ ಇತ್ತೇ ಹೊರತು ಹೋಗಿ ಕೇಳುವ ಪದ್ಧತಿ ಇರಲಿಲ್ಲ. ಅದನ್ನು ಸೇರಿಸುವುದು ನನ್ನ ಕೆಲಸ. ಬರೆದೆ. ಓಡಿಸಿದೆ. ಮೊದಲ ಓದಿಗೇ ನಿಂತುಹೋಯಿತು. ಕಾದು ಕಾದು ಅವಧಿ ಮೀರಿ, ನಾನೇ ಬರೆದಿದ್ದ ಕೋಡು "ಡಿಸ್ಕ್ ಸತ್ತಿದೆ" ಎಂದು ಪರದೆಯ ಮೇಲೆ ಸಾಲೊಂದನ್ನು ಹಾಕಿ, ಡಿಸ್ಕನ್ನು ಹೊಸದಾಗಿ ಶುರು ಮಾಡುತ್ತಿತ್ತು. ಮತ್ತೆ ಅದೇ. ಬೆಳಗಿನಿಂದ ಮಧ್ಯಾಹ್ನದವರೆಗೆ ಅದನ್ನೇ ನೋಡಿ, ಕೊನೆಗೆ ಮೇಡಂ ಹತ್ತಿರ ಹೋಗಿ, "ಡಿಸ್ಕ್ ಉತ್ತರ ಕೊಡ್ತಾ ಇಲ್ಲ ಮೇಡಂ. ಸತ್ತಿದೆ" ಎಂದೆ.

"ಯಾರು ಹೇಳಿದ್ರು?"

"ಅವಧಿ ಮುಗೀತು. ಉತ್ತರ ಬರಲಿಲ್ಲ."

"ಬರ್ಲಿಲ್ಲ ಅಂತ ನಿಂಗೆ ಹ್ಯಾಂಗೆ ಗೊತ್ತು? ಹೋಗಿ ನೋಡಿದ್ಯಾ?"

ಡಬ್ಬಿ ಮುಚ್ಚಿ, ಕೈ ತೊಳೆದು ಬಂದು, ನನ್ನ ಕುರ್ಚಿಯಲ್ಲಿ ಕೂತರು. ಡಿಸ್ಕ್ ತನ್ನ ಉತ್ತರಗಳನ್ನು ಬರೆದಿಡುವ ಜಾಗ ಮೆಮೊರಿಯಲ್ಲಿ ಒಂದಿರುತ್ತದೆ. ಯಂತ್ರವನ್ನು ತಡೆದು ನಿಲ್ಲಿಸಿ, ಆ ಜಾಗವನ್ನು ಪರದೆಗೆ ತಂದರು. ಉತ್ತರ ಅಲ್ಲಿತ್ತು. ಕೆಲಸ ಮುಗಿದಿದೆ, ತಪ್ಪೇನೂ ಇಲ್ಲ ಎಂದು ಡಿಸ್ಕ್ ಬರೆದಿಟ್ಟಿತ್ತು.

"ನೋಡು. ಪಾಪ, ಅದು ಆಗ್ಲೇ ಮುಗಿಸಿ ಕೂತದೆ. ನನ್ನ ಕರೀಬೇಡ, ನಾನೇ ಬಂದು ಕೇಳ್ತೆ ಅಂತ ನೀನು ಹೇಳಿದ್ಯಲೆ. ಅದಕ್ಕೆ ಅದು ಕರೀಲಿಲ್ಲ. ಹಾಂಗೆ ಹೇಳಿದ ಮೇಲೆ ನೀನೆಂತ ಮಾಡಿದೆ? ಹಳೇ ಕೋಡಿನ ಹಾಂಗೇ ಹೋಗಿ ಮಲಗಿದೆ. ಅದು ಕರೀಲಿಲ್ಲ, ನೀನು ಕೇಳ್ಲಿಲ್ಲ. ಈಗ ಅದಕ್ಕೇ ಸತ್ತದೆ ಅಂತ್ಯಲೆ."

ತಪ್ಪು ಅಷ್ಟೇ ಆಗಿತ್ತು. ಕರೆಯುವುದನ್ನು ನಿಲ್ಲಿಸಿದ್ದೆ, ಮಲಗುವುದನ್ನು ತೆಗೆದಿರಲಿಲ್ಲ. ಒಂದು ಸಾಲು ಅಳಿಸಿ, ಅದರ ಜಾಗದಲ್ಲಿ ಕೇಳುತ್ತ ಸುತ್ತುವ ನಾಲ್ಕು ಸಾಲು ಬರೆದೆ. ಪುಟ್ಟ ಕರ್ನಲ್ ಎದ್ದು ಕೂತಿತು. ಆದರೆ ಮೇಡಂ ಎದ್ದು ಹೋಗಲಿಲ್ಲ. ಇನ್ನೆರಡು ತಿದ್ದುಪಡಿ ಹೇಳಿದರು. ಒಂದು, ಕೇಳುವುದಕ್ಕೆ ಮಿತಿ ಇರಬೇಕು. ಮಿತಿ ಇಲ್ಲದೆ ಕೇಳುತ್ತ ನಿಂತರೆ, ನಿಜವಾಗಿಯೂ ಸತ್ತ ಡಿಸ್ಕಿನ ಎದುರು ಕರ್ನಲ್ ಶಾಶ್ವತವಾಗಿ ಸಿಕ್ಕಿಬೀಳುತ್ತದೆ, ಆ ಉತ್ತರಕ್ಕಾಗಿ ಕಾದಿರುವ ಪ್ರೋಗ್ರಾಮೂ ಅಲ್ಲೇ ನಿಲ್ಲುತ್ತದೆ. ಇನ್ನೊಂದು, ಮಿತಿ ಮುಗಿದ ಕೂಡಲೇ ಸತ್ತಿತೆಂದು ಹೇಳುವ ಹಾಗಿಲ್ಲ. "ಹೇಳೂ ಮುಂಚೆ ಕೊನೇ ಸಲ ಹೋಗಿ ಕೇಳ್ಬೇಕು. ಅಷ್ಟರಲ್ಲಿ ಬಂದಿದ್ರೆ? ಒಂದು ಸಲ ಕೇಳೂಕೆ ಎಂತ ಖರ್ಚು? ಕೇಳು. ಆಗ್ಲೂ ಇಲ್ಲ ಅಂದ್ರೆ, ಆವಾಗ ಹೇಳು."

ಈಗ ನಾನು ಅದೇ ಲ್ಯಾಬಿನಲ್ಲಿ ಅದೇ ಪಾಠ ಮಾಡುತ್ತೇನೆ. ಅವರು ಹೇಳಿದ ಆ ಎರಡು ತಿದ್ದುಪಡಿಗಳು ಅವರ ಪುಟ್ಟ ಕರ್ನಲ್‌ನಲ್ಲಿ ಈಗಲೂ ಇವೆ.

ಆ ಪ್ರಾಜೆಕ್ಟಿನ ಮರುವರ್ಷ, ಮಳೆಗಾಲದ ಮೀನುಗಾರಿಕೆ ನಿಷೇಧ ಕಳೆದು ಬೋಟುಗಳು ನೀರಿಗಿಳಿದ ಶುರುವಿನಲ್ಲಿ ಉಮೇಶನ ಬೋಟು ಮಗುಚಿತು. ನಾನು ಆಗಷ್ಟೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಬೋಟಿನಲ್ಲಿದ್ದ ಉಳಿದವರನ್ನೆಲ್ಲ ಬೇರೊಂದು ಬೋಟಿನವರು ಎತ್ತಿಕೊಂಡರು. ಉಮೇಶ ಸಿಗಲಿಲ್ಲ. ಹೆಣವೂ ಸಿಗಲಿಲ್ಲ. ಗಾಳಿ ಬಡಗಣ ದಿಕ್ಕಿಗೆ ಎಳೆಯುತ್ತಿತ್ತು, ಗೋವಾ ಕಡೆಯ ಬೋಟು ಯಾವುದಾದರೂ ಎತ್ತಿಕೊಂಡಿರಬಹುದು ಎಂದು ಬದುಕಿ ಬಂದವರಲ್ಲೊಬ್ಬ ಹೇಳಿದ. ಸಮಾಧಾನಕ್ಕೆ ಹೇಳಿದನೋ, ನಂಬಿ ಹೇಳಿದನೋ. ಮೇಡಂ ಆ ಮಾತನ್ನು ಹಿಡಿದುಕೊಂಡರು.

ಅಂದಿನಿಂದ ಅವರು ಕಾಲೇಜು ಬಿಟ್ಟ ಮೇಲೆ ನೇರ ಮನೆಗೆ ಹೋಗುವುದು ನಿಂತಿತು. ಅಂಕೋಲಾ ಬಸ್ಸು ಬೈತಖೋಲದ ಮೇಲೇ ಹೋಗುತ್ತದೆ. ಅಲ್ಲಿ ಇಳಿದು, ಮೀನು ಬಂದರಿಗೆ ಹೋಗಿ, ಆ ಹೊತ್ತಿಗೆ ದಡಕ್ಕೆ ಬಂದ ಬೋಟುಗಳವರನ್ನೆಲ್ಲ ಕೇಳುವರು. ಹೆಚ್ಚಿನವರು ಕೊಂಕಣಿ ಮಾತಿನವರು. "ಕಾಯ್ ಖಬರ್?" ಎನ್ನುವರು ಇವರು. ಅವರು ಹಗ್ಗ ಎಳೆಯುತ್ತಲೇ, "ನಾ ಗೋ ಬಾಯ್" ಎನ್ನುವರು. ಸುದ್ದಿಯೇನಾದರೂ? ಇಲ್ಲ ತಂಗಿ. ಮುಂದಿನ ಬೋಟು. ನಾನು ಹಲವು ಸಲ ಅವರ ಜೊತೆ ಇಳಿದಿದ್ದೇನೆ. ಏನೂ ಮಾಡಲಾಗದಿದ್ದರೂ ಕೊಡೆ ಹಿಡಿಯಬಹುದಿತ್ತು.

ಅಲ್ಲಿ ಪಾರ್ವತಿ ಎಂಬ ಮೀನು ಮಾರುವ ಹೆಂಗಸು ಇದ್ದಳು. ಮೊದಮೊದಲು ಮೇಡಂ ಬಂದರೆ ಎದ್ದು ನಿಲ್ಲುತ್ತಿದ್ದಳು. ತಿಂಗಳುಗಳು ಕಳೆದ ಹಾಗೆ ಏಳುವುದು ನಿಂತಿತು, ತಮಾಷೆ ಶುರುವಾಯಿತು. "ಬಂದ್ರು ನೋಡಿ ಮೇಡಮ್ಮೋರು. ಇವತ್ತು ಬಂಗಡೆಗೆ ಪಾಠವೋ, ತೋರಿಗೋ?"

"ನಿಂಗೆ ಮೊದಲು. ಎಂತಾದ್ರೂ ಸುದ್ದಿ ಬಂದ್ರೆ ಹೇಳ್ತೆಯಾ?"

"ಆಯ್ತು."

"ಯಾವ ಆಯ್ತು?"

ಪಾರ್ವತಿ ಮೀನಿನ ಮೇಲಿಂದ ನೊಣ ಓಡಿಸಿ, ತಲೆ ಎತ್ತದೆ ಹೇಳಿದಳು. "ಕೇಳಿಸ್ತು ಅನ್ನೋದು ಮೇಡಂ. ನನ್ನ ಹತ್ರ ಅದೊಂದೇ ಇರೂದು."

ಮೇಡಂ ಆ ವರ್ಷಗಳಲ್ಲಿ ಪಾಠವನ್ನು ಎಂದೂ ತಪ್ಪಿಸಲಿಲ್ಲ. ಆದರೆ ಪಾಠದ ಹೊರಗೆ ಮಾಡುತ್ತಿದ್ದ ಎಲ್ಲವೂ ಒಂದೊಂದಾಗಿ ನಿಂತವು. ಪುಟ್ಟ ಕರ್ನಲ್‌ಗೆ ಹೊಸದೇನನ್ನೂ ಸೇರಿಸಲಿಲ್ಲ. ಜಡೆಗೆ ಹೂವಿಲ್ಲ. ಬಡ್ತಿಯ ಜೊತೆಗೆ ಘಟ್ಟದ ಮೇಲಿನ ಊರೊಂದಕ್ಕೆ ವರ್ಗಾವಣೆ ಬಂದಾಗ, ಬಡ್ತಿಯೇ ಬೇಡ ಎಂದು ಬರೆದುಕೊಟ್ಟರು. ಕಾರಣ ಯಾರೂ ಕೇಳಲಿಲ್ಲ. ಆ ಊರಿನಿಂದ ಸಂಜೆ ಬೈತಖೋಲಕ್ಕೆ ಬರಲಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಪೋಲಿಂಗ್ ಪಾಠವನ್ನು ನನಗೆ ಬಿಟ್ಟುಕೊಟ್ಟರು. ದೋಣಿಯ ಉದಾಹರಣೆಯನ್ನು ಹೇಳಲೇ ಎಂದು ನಾನು ಕೇಳಿದಾಗ, "ಹೇಳು, ಅಡ್ಡಿಲ್ಲ" ಎಂದರು. ನಾನು ಹೇಳಲಿಲ್ಲ.

ಲಲಿತಕ್ಕ ಉಮೇಶನ ಹೆಂಡತಿ. ಮಕ್ಕಳಿರಲಿಲ್ಲ. ಹಾರವಾಡದ ಮನೆಯಲ್ಲಿ ಅವಳೂ ಮೇಡಂ ಅವರೂ ಇಬ್ಬರೇ. ನನಗಿಂತ ತುಸು ದೊಡ್ಡವಳು, ಮೃದು ಮಾತಿನವಳು. ಗಂಡ ತೀರಿಕೊಂಡ ಎಂದು ಊರು ಒಂದೆರಡು ಮಳೆಗಾಲದಲ್ಲೇ ಒಪ್ಪಿಕೊಂಡಿತ್ತು. ಹೆಣ ಸಿಗದವರಿಗೆ ದರ್ಭೆಯಲ್ಲಿ ಬೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸುವ ಪದ್ಧತಿ ಇದೆ. ಆದರೆ ಮನೆಯ ಹಿರಿಯರು ಮೇಡಂ. ಅವರ ಬಾಯಿಂದ ಮಾತು ಬಾರದೆ ಭಟ್ಟರು ದರ್ಭೆ ಮುಟ್ಟುವವರಲ್ಲ. ಯಾರಾದರೂ ವಿಷಯ ತೆಗೆದರೆ ಮೇಡಂ, "ಸಿಗ್ಲಿಲ್ಲ ಅಂದ್ರೆ ಸತ್ತ ಅಂತಲ್ಲ" ಎಂದು ಎದ್ದು ಹೋಗುತ್ತಿದ್ದರು. ಹೀಗೆ ಲಲಿತಕ್ಕನ ಕರಿಮಣಿ ಕತ್ತಿನಲ್ಲೇ ಉಳಿಯಿತು.

ಕಳೆದ ಸಂಕ್ರಾಂತಿಗೆ ನೆರೆಮನೆಯಲ್ಲಿ ಅರಿಶಿನ ಕುಂಕುಮವಿತ್ತು. ಮೇಡಂ ನನ್ನನ್ನೂ ಕರೆದಿದ್ದರು. ಹೆಂಗಸರು ಸಾಲಾಗಿ ಚಾಪೆಯ ಮೇಲೆ ಕೂತಿದ್ದರು. ಮನೆಯ ಸೊಸೆ ಬಟ್ಟಲು ಹಿಡಿದು ಒಬ್ಬೊಬ್ಬರಿಗೇ ಕುಂಕುಮ ಹಚ್ಚುತ್ತ ಬಂದಳು. ಲಲಿತಕ್ಕನ ಎದುರು ಬಂದವಳು ನಿಂತುಬಿಟ್ಟಳು. ಹಚ್ಚಲಿಲ್ಲ, ದಾಟಿ ಹೋಗಲೂ ಇಲ್ಲ. ಬೆರಳು ಕುಂಕುಮದಲ್ಲೇ ಇತ್ತು. ಅವಳು ಕಣ್ಣೆತ್ತಿ ನೋಡಿದ್ದು ಲಲಿತಕ್ಕನನ್ನಲ್ಲ, ಬಾಗಿಲ ಬಳಿ ನಿಂತಿದ್ದ ಮೇಡಂ ಅವರನ್ನು. ಏನು ಮಾಡಲಿ ಎಂದು ಆ ಕಣ್ಣು ಕೇಳುತ್ತಿತ್ತು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ.

ಲಲಿತಕ್ಕನೇ, "ಮುಂದೆ ಹೋಗೆ ಮಾರಾಯ್ತಿ, ನಂದು ಆಮೇಲೆ" ಎಂದು ನಕ್ಕಳು. ಸೊಸೆ ಮುಂದಕ್ಕೆ ಹೋದಳು. ಬಟ್ಟಲು ಹಿಂತಿರುಗಿ ಬರಲಿಲ್ಲ.

ಮನೆಗೆ ಬಂದ ಮೇಲೆ ಲಲಿತಕ್ಕ ಚಹಾಕ್ಕೆ ನೀರಿಟ್ಟಳು. ಒಲೆಯ ಕಡೆಗೇ ಮುಖ ಮಾಡಿ, ದನಿ ಏರಿಸದೆ ಹೇಳಿದಳು. "ಅಕ್ಕಾ, ನಾನು ಎಂತದು ಅಂತ ಒಂದು ಹೇಳಿಬಿಡಿ. ಮುತ್ತೈದೆ ಅಂದ್ರೆ ಹಾಂಗೆ ಇರ್ತೆ. ಅಲ್ಲ ಅಂದ್ರೆ ಹಾಂಗೂ ಇರ್ತೆ. ಅತ್ತು ಆಯ್ತು ನಂದು. ಇನ್ನು ಅಳೂಕೆ ಎಂತ ಇಲ್ಲ. ಆದ್ರೆ ಈ ನಡುಬಾಗಿಲಲ್ಲಿ ನಿಲ್ಲೂಕೆ ಆಗೂದಿಲ್ಲ ನಂಗೆ. ಒಳಗೆ ಬರೋರಿಗೂ ಅಡ್ಡ, ಹೊರಗೆ ಹೋಗೋರಿಗೂ ಅಡ್ಡ."

ಮೇಡಂ ಚಹಾ ಕುಡಿದು ನನ್ನನ್ನು ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದರು. ಬಸ್ಸಿಗೆ ಕಾಯುವಾಗ, ಅಪರೂಪಕ್ಕೆ, ಬಂತಾ ಎಂದು ಯಾರನ್ನೂ ಕೇಳಲಿಲ್ಲ. ನಂತರ ರಸ್ತೆಯನ್ನೇ ನೋಡುತ್ತ ಅಂದರು. "ಕೇಳ್ತಾ ಇದ್ದದ್ದು ನಾನು. ನಿಂತೇ ಇದ್ದದ್ದು ಅವಳು. ಇಷ್ಟು ವರ್ಷ ಪಾಠ ಮಾಡಿ ನಂಗದು ಕಾಣ್ಲಿಲ್ಲ ನೋಡು."

ನಾನು ಚೀಲದ ಪಟ್ಟಿ ಸರಿಮಾಡಿಕೊಂಡೆ.

"ಮಿತಿ ಹಾಕ್ಲಿಲ್ಲ ನಾನು" ಎಂದರು. ಬಸ್ಸು ಬಂತು. ಹತ್ತುವಾಗ ಹಿಂದಿನಿಂದ ಹೇಳಿದರು. "ಭಾನುವಾರ ಬೆಳಿಗ್ಗೆ ಬೈತಖೋಲಕ್ಕೆ ಬರ್ತೆಯಾ? ಒಂದು ಸಲ ಕೇಳೂದು ಬಾಕಿ ಅದೆ."

ಭಾನುವಾರ ಮೂವರೂ ಹೋದೆವು. ಲಲಿತಕ್ಕ ಆ ಬಂದರಿಗೆ ಬಂದದ್ದು ಅದೇ ಮೊದಲಂತೆ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಹರಾಜು ಮುಗಿಯುತ್ತ ಬಂದಿತ್ತು. ಮಂಜುಗಡ್ಡೆಯ ನೀರು ಕಾಲಡಿ ಹರಿಯುತ್ತಿತ್ತು. ಮೇಡಂ ಸೀರೆಯ ನೆರಿಗೆ ಎತ್ತಿ ಹಿಡಿದು, ಮೊದಲ ಬೋಟಿನಿಂದ ಶುರುಮಾಡಿದರು. ಕಾಯ್ ಖಬರ್. ನಾ ಗೋ ಬಾಯ್. ಪಾರ್ವತಿ ಎಂದಿನಂತೆ ತಮಾಷೆಗೆ ಬಾಯಿ ತೆರೆದವಳು ಹಿಂದೆ ನಿಂತಿದ್ದ ಲಲಿತಕ್ಕನನ್ನೂ ಅವಳ ಕತ್ತಿನ ಕರಿಮಣಿಯನ್ನೂ ನೋಡಿದಳು. ಬುಟ್ಟಿಯ ಮೇಲೆ ಗೋಣಿ ಎಳೆದು ಎದ್ದು ನಿಂತಳು.

ಒಂದು ಬೋಟನ್ನೂ ಮೇಡಂ ಬಿಡಲಿಲ್ಲ. ನಾವು ದೂರದಲ್ಲಿ ನಿಂತು ನೋಡುತ್ತಿದ್ದೆವು. ಬಗ್ಗಿ ಕೇಳುವುದು, ಒಂದು ಕ್ಷಣ ನಿಲ್ಲುವುದು, ಮುಂದಿನದಕ್ಕೆ ಹೋಗುವುದು. ಕೊನೆಯ ಬೋಟು ಜೆಟ್ಟಿಯ ತುದಿಯಲ್ಲಿತ್ತು. ಅಲ್ಲಿಗೆ ಹೋಗುವಾಗ ನಾವೂ ಹಿಂದೆ ಹೋದೆವು. ಗಡ್ಡದ ಒಬ್ಬ ಗಂಡಸು ಕೂತು ಬಲೆ ಸರಿಮಾಡುತ್ತಿದ್ದ. ಈ ಬಂದರಿಗೆ ಹೊಸಬನಿರಬೇಕು, ಕನ್ನಡದಲ್ಲೇ ಮಾತಾಡಿದ.

"ಉಮೇಶನ ಸುದ್ದಿ ಎಂತಾದ್ರೂ ಉಂಟಾ?" ಎಂದರು ಮೇಡಂ.

ಅವನು ದಾರ ಹಲ್ಲಿನಿಂದ ತೆಗೆದು, ಮರ್ಯಾದೆಯಿಂದಲೇ ಕೇಳಿದ. "ಯಾವ ಉಮೇಶ, ಅಮ್ಮಾ?"

ಮೇಡಂ ಬಾಯಿ ತೆರೆದರು. ಯಾವ ಬೋಟು, ಯಾವ ವರ್ಷ, ಎಂಥ ಗಾಳಿ, ಎಲ್ಲವನ್ನೂ ನೂರಾರು ಸಲ ಹೇಳಿದ ಬಾಯಿ. "ಇರ್ಲಿ, ಅಡ್ಡಿಲ್ಲ. ನಿಮ್ಮ ಕೆಲಸ ಮಾಡಿ" ಎಂದು ತಿರುಗಿದರು. ಅವನು ಬಲೆಗೆ ಮರಳಿದ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅದರ ಮೇಲೆ ಉಪ್ಪುನೀರಿನ ಹನಿ ಹಾರಿತ್ತು. ಒರೆಸಿದಷ್ಟೂ ಮಬ್ಬಾಗುತ್ತಿತ್ತು.

ಲಲಿತಕ್ಕ ನನ್ನ ಕೈ ಬಿಟ್ಟು ಅವರ ಹತ್ತಿರ ಹೋದಳು. "ಅಕ್ಕಾ, ಭಟ್ಟರಿಗೆ ಹೇಳ್ವನಾ?"

"ಆಯ್ತು" ಎಂದರು ಮೇಡಂ.

ಲಲಿತಕ್ಕ ಹೊರಡಲಿಲ್ಲ. ಅವಳ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ, ಅನ್ನ ಆಯ್ತು, ಬಟ್ಟೆ ಆಯ್ತು ಎಂದಾಗಲೆಲ್ಲ ಕೇಳಿಸಿಕೊಂಡ ಪ್ರಶ್ನೆಯನ್ನು ಅವಳು ತಿರುಗಿ ಕೇಳಿದಳು. "ಯಾವ ಆಯ್ತು, ಅಕ್ಕಾ?"

ಬೋಟೊಂದರ ಇಂಜಿನ್ ಶುರುವಾಗಿ, ಕೆಮ್ಮಿ, ನಿಂತಿತು. ಮೇಡಂ ಕನ್ನಡಕ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದರು. ಗಾಳಿಗೆದುರು ಕೂಗಿ ಬೆಳೆದ ಆ ದನಿ, ಪಕ್ಕದಲ್ಲಿದ್ದ ನನಗೂ ಕಷ್ಟಪಟ್ಟು ಕೇಳುವಷ್ಟು ಸಣ್ಣದಾಗಿ ಬಂತು.

"ಮುಗೀತು ಅನ್ನೋ ಆಯ್ತು."

ಕ್ರಿಯೆ ಮನೆಯವರಷ್ಟೇ ಮಾಡಿದರು. ಭಾನುವಾರದ ಮರುದಿನದಿಂದಲೇ ರಜೆಯಲ್ಲಿದ್ದ ಮೇಡಂ, ಅದಾದ ಮೇಲೆ ಕಾಲೇಜಿಗೆ ಮರಳದೆ, ಮೊದಲು ಬೇಡವೆಂದಿದ್ದ ವರ್ಗಾವಣೆಯನ್ನು ತಾವೇ ಕೇಳಿ ಪಡೆದರು. ಲಲಿತಕ್ಕನನ್ನೂ ಕರೆದುಕೊಂಡು ಘಟ್ಟ ಹತ್ತಿದರು. ಫೋನಿನಲ್ಲಿ ಮಾತಾಡುತ್ತಿದ್ದೆವು. ಲ್ಯಾಬಿನ ವಿಷಯ, ಪರೀಕ್ಷೆಯ ವಿಷಯ. ಇಲ್ಲಿ ಸಮುದ್ರ ಇಲ್ಲ, ಸಂಜೆ ಎಂತ ಮಾಡೂದು ಅಂತ ಗೊತ್ತಾಗೂದಿಲ್ಲ ಎಂದು ಒಮ್ಮೆ ಹೇಳಿದರು. ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಹಾಗಾಗಿ ನಾನು ಅವರ ಜೊತೆ ಕೂತು ಪ್ರಯಾಣ ಮಾಡಿದ್ದು ಆ ಭಾನುವಾರವೇ ಕೊನೆ. ಬೈತಖೋಲದಲ್ಲಿ ಹತ್ತಿದ ಅಂಕೋಲಾ ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ಸಮುದ್ರದ ಕಡೆಯ ಕಿಟಕಿಗಳೆಲ್ಲ ಖಾಲಿಯಿದ್ದವು. ನಾನು ಅಭ್ಯಾಸಬಲದಿಂದ ಅವರಿಗೆಂದು ಒಂದನ್ನು ಬಿಟ್ಟು ನಿಂತೆ. ಮೇಡಂ ಅದನ್ನು ದಾಟಿ, ಗುಡ್ಡದ ಕಡೆಯ ಸೀಟಿನಲ್ಲಿ ಹೋಗಿ ಕೂತರು. ಲಲಿತಕ್ಕ ಅವರ ಪಕ್ಕ ಕೂತಳು. ಸುರಂಗ ದಾಟಿತು, ಅರ್ಗಾದ ಗೋಡೆ ಬಂತು, ಹೋಯಿತು. ಗೋಡೆ ಮುಗಿದು ಸಮುದ್ರ ಮತ್ತೆ ಕಾಣಿಸಿಕೊಂಡಾಗ ನಾನು ತಿರುಗಿ ನೋಡಿದೆ. ಅವರ ಕಣ್ಣು ತೆರೆದೇ ಇತ್ತು. ಆ ಕಡೆ ತಿರುಗಲಿಲ್ಲ.